ನಮುನಾ: ಕಾನಡೀ ಬಾಯಿ

ನನಗೆ ಅಕ್ಷರ ಕಲಿಸಿದವರು ಅಕ್ಕನಾಗಮ್ಮ. ಕರಜಗಿಯ ಶಾಲೆಗೆ ಬಂದಾಗ ಅವರಿಗೆ ಇಪ್ಪತ್ತು ವರ್ಷ. ಗಂಡ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಅದೇ ಊರಿನ ಒಕ್ಕಲುತನದ ಮನೆಯ ಮಗಳು. ಹಣೆಯಲ್ಲಿ ವಿಭೂತಿ, ಬರಿಗೈ, ತಲೆತುಂಬ ಸೆರಗು. ನಮ್ಮ ಕಡೆ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಅವರ ಹೆಸರಿನಲ್ಲೂ ಅಕ್ಕ ಇದ್ದುದರಿಂದ ಊರಿನವರಿಗೆ ಆ ಮಾತು ಸಲೀಸಾಗಿ ಬಂತು.

ನಮ್ಮಪ್ಪ ಮಲ್ಲಯ್ಯ ಕುರಿ ಕಾಯುವವನು. ಬೀರೋಬನಿಗೆ ಕೈಮುಗಿದು ಹೊರಟನೆಂದರೆ ಎಂಟು ತಿಂಗಳು ಮನೆಯ ಕಡೆ ಸುಳಿಯುತ್ತಿರಲಿಲ್ಲ. ಒಂದು ವರ್ಷ ನನ್ನನ್ನೂ ಕರೆದುಕೊಂಡು ಹೋಗಲು ಶಾಲೆಗೆ ಬಂದ. ಅಕ್ಕೋರು ಕಟ್ಟೆಯ ಮೇಲೆ ನಿಂತು, "ನೂರರ ತನಕ ಎಣಿಸಾಕರೆ ಕಲೀಲಿ ಬಿಡ್ರಿ, ಕುರಿ ಎಲ್ಲಿ ಹೋಗ್ತಾವ" ಎಂದರು. ಅಪ್ಪ ನಕ್ಕು ಒಬ್ಬನೇ ಹೋದ. ನಾನು ಮಾಸ್ತರನಾದದ್ದು ಆ ಒಂದು ಮಾತಿನಿಂದ.

ಅವರು ಅಕ್ಷರ ಕಲಿಸುವ ರೀತಿ ನನಗಿನ್ನೂ ನೆನಪಿದೆ. ದ ಬರೆದು, ಪಕ್ಕದಲ್ಲಿ ಧ ಬರೆದು, "ಇದು ಬರೇ ದ. ಇದು ಹೊಟ್ಟಿ ಸೀಳಿದ ದ" ಎನ್ನುತ್ತಿದ್ದರು. ಕಣ್ಣಿಗೆ ಎರಡು ಬೇರೆ, ಬಾಯಲ್ಲಿ ಎರಡೂ ಒಂದೇ. ನಮ್ಮ ಸೀಮೆಯಲ್ಲಿ ಧನವೂ ದನವೇ, ದನವೂ ದನವೇ. ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ.

ಮುಂದೆ ಅವರಿಗೆ ಅಕ್ಕಲಕೋಟಕ್ಕೆ ವರ್ಗವಾಯಿತು. ಹನ್ನೆರಡು ವರ್ಷದ ಬಳಿಕ ನಾನೂ ಅದೇ ಕನ್ನಡ ಶಾಲೆಗೆ ಸಹಶಿಕ್ಷಕನಾಗಿ ಸೇರಿದೆ. ಅವರು ನನ್ನನ್ನು ಹಣಮಂತ ಎಂದು ಏಕವಚನದಲ್ಲೇ ಕರೆಯುತ್ತಿದ್ದರು. ಹೆಡ್‌ಮಾಸ್ತರ ಅಮೃತಪ್ಪನವರು ನನ್ನನ್ನು ಮಾಸ್ತರ ಎಂದು ಬಹುವಚನದಲ್ಲಿ ಕರೆದಾಗ ನನಗೆ ಹಿತವೆನಿಸುತ್ತಿತ್ತು. ಅಕ್ಕೋರು ಕರೆದಾಗ ಮೈ ಸಣ್ಣದಾಗುತ್ತಿತ್ತು. ಇದನ್ನು ಯಾಕೆ ಹೇಳುತ್ತೇನೆಂದರೆ, ಮುಂದೆ ನಾನು ನಡೆದುಕೊಂಡ ರೀತಿಯಲ್ಲಿ ಈ ಸಣ್ಣತನಕ್ಕೂ ಪಾಲಿತ್ತು.

ಹೊಸ ರಾಜ್ಯಗಳಾಗಿ ನಮ್ಮ ಸೀಮೆ ಮುಂಬಯಿ ಕಡೆಗೇ ಉಳಿದ ಮೇಲೆ, ಐವತ್ತೇಳರಲ್ಲಿ, ಮೇಲಿನಿಂದ ಒಂದು ಕಾಗದ ಬಂತು. ಕನ್ನಡ ಶಾಲೆಯ ಶಿಕ್ಷಕರೆಲ್ಲ ಎರಡು ವರ್ಷದೊಳಗೆ ಮರಾಠಿ ಪರೀಕ್ಷೆ ಪಾಸು ಮಾಡಬೇಕು, ಪಾಸಾಗದವರಿಗೆ ಹೆಡ್ ಜಾಗ ಇಲ್ಲ. ಅಮೃತಪ್ಪನವರು ಐವತ್ತೊಂಬತ್ತರ ಜೂನ್‌ಗೆ ನಿವೃತ್ತರಾಗುವವರಿದ್ದರು. ಅವರ ನಂತರ ಆ ಕುರ್ಚಿ ಅಕ್ಕೋರದು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

"ಮರಾಠಿ ನಮಗ ಹೊಸದೇನ್ರಿ?" ಎಂದು ಅಮೃತಪ್ಪನವರು ಕಾಗದ ಮಡಚಿದರು. "ಹುಟ್ಟಿದಾಗಿಂದ ಸಂತ್ಯಾಗ ಅದನ್ನ ಮಾತಾಡಾಕತ್ತೀವಿ."

ಆ ಮಾತು ನಿಜ. ಅಕ್ಕೋರ ಲಿಖಿತ ಪರೀಕ್ಷೆ ಮೊದಲನೆಯ ಸಲವೇ ಪಾಸಾಯಿತು, ನನ್ನದೂ ಆಯಿತು. ಆದರೆ ತೋಂಡೀ, ಎಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ ಇಬ್ಬರೂ ಫೇಲ್. ಷರಾ ಒಂದೇ: ಉಚ್ಚಾರ ಅಶುದ್ಧ. ಅಕ್ಕೋರು ಆ ಎರಡು ಶಬ್ದಗಳನ್ನು ಬಹಳ ಹೊತ್ತು ನೋಡಿದರು. ಇಪ್ಪತ್ತು ವರ್ಷ ಮಕ್ಕಳ ಪಾಟಿಯ ಮೇಲೆ ತಾವೇ ತಿದ್ದುತ್ತ ಬಂದವರು ಅವರು.

ಆಗ ಸೊಲ್ಲಾಪುರದ ನವೀ ಪೇಠೆಯಲ್ಲಿ ವಡಾಳಕರ ಸರ್ ಎಂಬವರು ರವಿವಾರದ ಉಚ್ಚಾರ ವರ್ಗ ನಡೆಸುತ್ತಿದ್ದರು. ಹೈಸ್ಕೂಲಿನಲ್ಲಿ ಮರಾಠಿ ಕಲಿಸಿದವರು, ಐವತ್ತು ದಾಟಿದವರು. ಇಸ್ತ್ರಿ ಮಾಡಿದ ಧೋತರ, ಕರಿ ಟೊಪ್ಪಿಗೆ. ಅವರ ಭಾವಮೈದುನ ಆಫ್ರಿಕಾದಿಂದ ಬರುವಾಗ ಒಂದು ಜರ್ಮನ್ ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದ. ನಾವು ಆಡಿದ್ದನ್ನು ಅದು ಹಿಡಿದಿಟ್ಟುಕೊಂಡು ನಮಗೇ ಕೇಳಿಸುತ್ತದೆ, ಯಾರಾರ ತಪ್ಪು ಎಲ್ಲೆಲ್ಲಿ ಎಂದು ಸರ್ ಒಬ್ಬೊಬ್ಬರಿಗೂ ಬೇರೆ ಬೇರೆ ಚೀಟಿ ಬರೆದುಕೊಡುತ್ತಾರೆ ಎಂದು ಸುದ್ದಿ. ಐವತ್ತೆಂಟರ ಜೂನ್‌ನಿಂದ ನಾವಿಬ್ಬರೂ ರವಿವಾರದ ಮೊದಲ ಎಸ್.ಟಿ. ಹಿಡಿದು ಸೊಲ್ಲಾಪುರಕ್ಕೆ ಹೋಗತೊಡಗಿದೆವು.

ವರ್ಗ ಹಿತ್ತಾಳೆ ಭಾಂಡೆಯ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಮೇಜಿನ ಮೇಲೆ ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ. ಮುಚ್ಚಳ ತೆಗೆದರೆ ಎರಡು ಚಕ್ರ, ಒಂದರಿಂದ ಇನ್ನೊಂದಕ್ಕೆ ಸುತ್ತಿಕೊಳ್ಳುವ ಕಂದು ಬಣ್ಣದ ಪಟ್ಟಿ. ಮುಂದುಗಡೆ ಬೆಕ್ಕಿನ ಕಣ್ಣಿನಂಥ ಹಸಿರು ದೀಪ, ದನಿ ಎತ್ತರಿಸಿದರೆ ಅದು ಕಿರಿದಾಗುತ್ತಿತ್ತು. ಗಿರಣಿಯ ಭೋಂಗಾ ಕೂಗಿ ಮುಗಿಯುವವರೆಗೆ ಸರ್ ಕಾಯುತ್ತಿದ್ದರು, ಆಮೇಲೆ ಒಬ್ಬೊಬ್ಬರನ್ನೇ ಮೈಕಿನ ಮುಂದೆ ಕೂಡಿಸಿ ತಾವೇ ಬರೆದ ಒಂದು ಪಾಠವನ್ನು ಓದಿಸುತ್ತಿದ್ದರು.

ಪಾಠ ಹೀಗೆ ಶುರುವಾಗುತ್ತಿತ್ತು: "ಸಕಾಳೀ ಆಯೀನೆ ಗಾಯೀಚೀ ಧಾರ ಕಾಢಲೀ. ಧಾಕಟಾ ಭಾಊ ಘಾಗರ ಘೇಊನ ವಿಹಿರೀವರ ಗೇಲಾ." ಬೆಳಿಗ್ಗೆ ಅವ್ವ ಆಕಳ ಹಾಲು ಕರೆದಳು, ತಮ್ಮ ಕೊಡ ತೆಗೆದುಕೊಂಡು ಬಾವಿಗೆ ಹೋದ ಎಂದು ಅರ್ಥ. ಅಕ್ಕೋರು ನಿಧಾನವಾಗಿ, ಗಂಭೀರವಾಗಿ, ಮಕ್ಕಳಿಗೆ ಓದಿ ತೋರಿಸುವ ಹಾಗೆ ಓದಿದರು. ಸರ್ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಗುಂಡಿ ಒತ್ತಿದರು.

ಪೆಟ್ಟಿಗೆಯೊಳಗಿಂದ ಒಬ್ಬ ಹೆಂಗಸು ಮಾತಾಡಿದಳು. "ಗಾಯೀಚೀ ದಾರ ಕಾಡಲೀ. ದಾಕಟಾ ಬಾಊ ಗಾಗರ ಗೇಊನ..."

ಅಕ್ಕೋರು ನನ್ನ ಕಡೆ ತಿರುಗಿದರು. "ಇದು ಯಾರ ದನಿನೋ?"

"ನಿಮ್ಮದ್ರಿ."

"ನಂದು ಹಿಂಗದ?"

ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮರಾಠಿಯಲ್ಲಿ ಧಾರ ಕಾಢಣೆ ಎಂದರೆ ಹಾಲು ಕರೆಯುವುದು. ದಾರ ಎಂದರೆ ಬಾಗಿಲು. ಅವ್ವ ಬೆಳಿಗ್ಗೆದ್ದು ಆಕಳಿನ ಬಾಗಿಲು ಕಿತ್ತು ತೆಗೆದಿದ್ದಳು. ಸರ್ ಕೂಡ ನಕ್ಕರು. ಅದು ಕೆಟ್ಟ ನಗೆಯಾಗಿರಲಿಲ್ಲ. ಅಕ್ಕೋರೂ ಸ್ವಲ್ಪ ನಕ್ಕರು, ಆದರೆ ಸೆರಗು ಬಾಯಿಗೆ ಬಂತು.

ಮುಂದಿನ ರವಿವಾರ ಅವರ ಕೈಗೆ ಚೀಟಿ ಬಂತು. ನೀಲಿ ಪೆನ್ಸಿಲಿನಲ್ಲಿ ಹದಿನಾಲ್ಕು ತಪ್ಪು, ಪ್ರತಿಯೊಂದಕ್ಕೂ ಎದುರಿಗೆ ಸರಿಯಾದ ರೂಪ. ಬಸ್ಸಿನಲ್ಲಿ ಅದನ್ನು ಮೊಣಕಾಲ ಮೇಲೆ ಹರಡಿಕೊಂಡು, "ಇಪ್ಪತ್ತು ವರ್ಷ ಹುಡುಗೂರಿಗೆ ಹೊಟ್ಟಿ ಸೀಳಿದ ದ ಅಂತ ಹೇಳೀನಿ" ಎಂದರು. "ಒಂದ್ ಸಲಾನೂ ಬಾಯಾಗ ಸೀಳಿಲ್ಲ. ಯಾರಾದ್ರೂ ಹೇಳಬಾರದಾ?"

ಅವರು ಹಟದಿಂದ ಕಲಿತರು. ವಹಿಯ ಹಾಳೆಯಿಂದ ಒಂದು ಎಳೆ ಕತ್ತರಿಸಿ ತುಟಿಯ ಮುಂದೆ ಹಿಡಿಯುತ್ತಿದ್ದರು. ದ ಎಂದರೆ ಕಾಗದ ಅಲುಗಬಾರದು, ಧ ಎಂದರೆ ಅಲುಗಬೇಕು. ಬಸ್ಸಿನಲ್ಲಿ ಗಾಳಿಗೆ ಕಾಗದ ನಿಲ್ಲದು, ಆಗ ಅಂಗೈಯನ್ನೇ ಬಾಯಿಯ ಮುಂದೆ ಹಿಡಿದು ಉಸಿರು ತಾಗುತ್ತದೆಯೇ ಎಂದು ನೋಡುತ್ತಿದ್ದರು. ಎದುರಿನ ಸೀಟಿನವರು ಈ ಅಮ್ಮನಿಗೆ ಉಬ್ಬಸ ಇರಬೇಕು ಎಂದುಕೊಂಡು ಕಿಟಕಿ ತೆರೆದು ಕೊಡುತ್ತಿದ್ದರು. ಪ್ರತಿ ರವಿವಾರ ಚೀಟಿಯ ತಪ್ಪುಗಳು ಕಡಿಮೆಯಾಗುತ್ತ ಬಂದವು. ಹದಿನಾಲ್ಕು, ಹನ್ನೊಂದು, ಆರು, ಎರಡು. ಗಣಪತಿ ಹಬ್ಬದ ನಂತರ ಒಂದು ವಾರ ಬರೀ ಖಾಲಿ ಚೀಟಿ ಬಂತು, ಕೆಳಗೆ ಸರ್ ಅವರ ಸಹಿ ಮಾತ್ರ. ಅದನ್ನು ಅವರು ಅಮೃತಪ್ಪನವರಿಗೆ ತೋರಿಸಿದರು. ಏನೂ ಬರೆಯದ ಕಾಗದವನ್ನು ಹಾಗೆ ಖುಷಿಯಿಂದ ತೋರಿಸುವವರನ್ನು ನಾನು ಮತ್ತೆ ನೋಡಿಲ್ಲ.

ಯಂತ್ರ ಅವರ ಬಾಯಿಗಿಂತ ಕಿವಿಯನ್ನು ಹೆಚ್ಚು ತಿದ್ದಿತು. ಬೇರೆಯವರ ಟೇಪು ಕೇಳುವಾಗ ಸರ್ ಬಿಟ್ಟ ತಪ್ಪುಗಳನ್ನು ಅವರು ಹಿಡಿಯತೊಡಗಿದರು. ಸರ್ ಅವರಿಗೆ ವರ್ಗಕ್ಕೆ ಒಂದು ತಾಸು ಮೊದಲೇ ಬರಲು ಹೇಳಿದರು. ದೀಪಾವಳಿಯ ಹೊತ್ತಿಗೆ ಇಪ್ಪತ್ತೈದು ಮೂವತ್ತು ಜನರ ಚೀಟಿಗಳನ್ನು ಬರೆಯುವವರು ಅಕ್ಕೋರೇ. ಕೆಳಗೆ ಸಹಿ ಸರ್ ಅವರದು. ಅಕ್ಕೋರ ಚೀಟಿಗಳೇ ಬೇರೆ. ಇದು ತಪ್ಪು ಎಂದಷ್ಟೇ ಬರೆಯುತ್ತಿರಲಿಲ್ಲ. ತೆಲುಗು ಮನೆಮಾತಿನ ಒಬ್ಬ ಗಿರಣಿ ಗುಮಾಸ್ತ ಪ್ರತಿ ಶಬ್ದದ ಕೊನೆಗೆ ಉ ಎಳೆಯುತ್ತಿದ್ದ. ಬಾಗಿಲಿಗೆ ಅಗಳಿ ಹಾಕಿದ ಹಾಗೆ ಶಬ್ದವನ್ನು ಮುಚ್ಚಿರಿ ಎಂದು ಅವನಿಗೆ ಬರೆದರು. ನನಗೆ ಬರೆದದ್ದು ಕನ್ನಡದಲ್ಲಿ: "ಹಣಮಂತ, ಘ ಅನ್ನಾಗ ನೀ ಗಂಟಲಾ ಬಿಗಿ ಹಿಡೀತಿ. ಹಸಿ ಕಟಿಗಿ ಒಲಿ ಊದಿದಂಗ ಊದು. ಘಾಗರ ಇಪ್ಪತ್ತು ಸಲ. ಘೋಡಾ ಚಲೋ ಆಗ್ಯಾದ, ಅದನ್ನ ಮತ್ತ ಮುಟ್ಟಬ್ಯಾಡ." ನನ್ನ ನಾಲಿಗೆ ತಿರುಗಿದ್ದು ಆ ಚೀಟಿಗಳಿಂದ. ವಡಾಳಕರರ ನೀಲಿ ಪೆನ್ಸಿಲಿನಿಂದಲ್ಲ.

ಸರ್ ಹತ್ತಿರ ಇದ್ದದ್ದು ಆರೇ ರೀಲು. ಹೊಸದು ಬೇಕಾದರೆ ಮುಂಬಯಿಯಿಂದ ತರಿಸಬೇಕಿತ್ತು. ಹೀಗಾಗಿ ಹಿಂದಿನ ವಾರದ ಓದಿನ ಮೇಲೆಯೇ ಈ ವಾರದ್ದನ್ನು ತುಂಬುತ್ತಿದ್ದರು. ಹೊಸದು ಹತ್ತಿದ ಕೂಡಲೇ ಹಳೆಯದು ಅಳಿದು ಹೋಗುತ್ತಿತ್ತು. ನಮ್ಮೆಲ್ಲರ ತಪ್ಪುಗಳೂ ಹಾಗೆ ವಾರಕ್ಕೊಮ್ಮೆ ಅಳಿದವು. ಒಂದು ರೀಲನ್ನು ಮಾತ್ರ ಸರ್ ಬೇರೆ ಡಬ್ಬಿಯಲ್ಲಿಟ್ಟು ಅದರ ಮೇಲೆ ಕಾಗದ ಅಂಟಿಸಿದ್ದರು: ನಮುನಾ – ಕಾನಡೀ ಬಾಯಿ. ಬಾಯಿ ಎಂದರೆ ಮರಾಠಿಯಲ್ಲಿ ಹೆಂಗಸು. ಕನ್ನಡದಲ್ಲಿ ಓದಿಕೊಂಡರೂ ಅರ್ಥ ಕೆಡುತ್ತಿರಲಿಲ್ಲ. ಅದು ಅಕ್ಕೋರ ಮೊದಲನೆಯ ದಿನದ ಓದು. ಹೊಸಬರು ಸೇರಿದಾಗಲೆಲ್ಲ ಸರ್ ಮೊದಲು ಅದನ್ನು ಹಚ್ಚುತ್ತಿದ್ದರು. ಹೊಸಬರು ನಗುತ್ತಿದ್ದರು, ಅವರ ಹೆದರಿಕೆ ಹೋಗುತ್ತಿತ್ತು. ಅಕ್ಕೋರು ಅದೇ ಕೋಣೆಯಲ್ಲಿ ಮೂಲೆಯ ಮೇಜಿಗೆ ಬಾಗಿ ಚೀಟಿ ಬರೆಯುತ್ತಿದ್ದರು. ಆ ದನಿ ಇವರದೆಂದು ಹೊಸಬರಿಗೆ ಗೊತ್ತಾಗುತ್ತಿರಲಿಲ್ಲ. ಅಷ್ಟು ಬದಲಾಗಿತ್ತು.

ಡಿಸೆಂಬರ್‌ನಲ್ಲಿ ಸರ್ ಯಂತ್ರವನ್ನು ಅಕ್ಕಲಕೋಟಕ್ಕೆ ತಂದರು. ಒಂದು ಶಾಲೆಯ ಸಭಾಗೃಹದಲ್ಲಿ ಮಧ್ಯಾಹ್ನ ಪ್ರಾತ್ಯಕ್ಷಿಕೆ. ಅಧಿಕಾರಿಗಳು, ಊರಿನ ಹಿರಿಯರು, ಮಕ್ಕಳ ತಂದೆತಾಯಿ, ಸುತ್ತಲಿನ ಮಾಸ್ತರರು, ಎಲ್ಲರೂ ಬಂದರು. ಮೊದಲು ತಪ್ಪು ಓದು, ಆಮೇಲೆ ತಿದ್ದಿದ ಓದು, ಎರಡನ್ನೂ ಕೇಳಿಸುತ್ತೇನೆ ಎಂದು ಸರ್ ಹೇಳಿದ್ದರು. ಅದಕ್ಕೆಂದೇ ಹಿಂದಿನ ವಾರ ಅಕ್ಕೋರು ಅದೇ ಪಾಠವನ್ನು ಮತ್ತೊಮ್ಮೆ ಓದಿ ಕೊಟ್ಟಿದ್ದರು. ಒಂದು ತಪ್ಪೂ ಇರಲಿಲ್ಲ. ಆ ದಿನ ತೊಳೆದ ಬಿಳಿ ಇಳಕಲ್ಲ ಸೀರೆ ಉಟ್ಟುಕೊಂಡು ಮೂರನೆಯ ಸಾಲಿನಲ್ಲಿ ಕುಳಿತರು.

ಸರ್ ನಮುನಾ ರೀಲು ಹಚ್ಚಿದರು. ಸೊಲ್ಲಾಪುರದ ಹೊಸಬರಿಗೆ ಆ ದನಿ ಯಾರದೋ ಆಗಿತ್ತು. ಅಕ್ಕಲಕೋಟದಲ್ಲಿ ಹಾಗಲ್ಲ. ಮೊದಲನೆಯ ವಾಕ್ಯಕ್ಕೇ ಹಿಂದಿನಿಂದ ಯಾರೋ, "ಏ, ನಮ್ಮ ಅಕ್ಕೋರು!" ಎಂದರು. ದಾರ ಕಾಡಲೀ ಎಂದಾಗ ಅಧಿಕಾರಿಯೊಬ್ಬರು ತೊಡೆ ತಟ್ಟಿಕೊಂಡು ನಕ್ಕರು. ಅವರು ನಕ್ಕ ಮೇಲೆ ಸಭಾಗೃಹಕ್ಕೆಲ್ಲ ನಗೆ ಹಬ್ಬಿತು. ಮತ್ತೊಮ್ಮೆ, ಮತ್ತೊಮ್ಮೆ ಎಂದು ಕೇಳಿ ಆ ಒಂದು ವಾಕ್ಯವನ್ನು ನಾಲ್ಕು ಸಲ ಹಾಕಿಸಿದರು. ನಾನು ಎರಡನೆಯ ಸಾಲಿನಲ್ಲಿದ್ದೆ. ನಾನೂ ನಕ್ಕೆ. ಎಲ್ಲರೂ ನಕ್ಕಾಗ ಬಾಯಿ ತಾನೇ ತೆರೆಯುತ್ತದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಆದರೆ ನಾನು ಹಿಂತಿರುಗಿ ಅಕ್ಕೋರನ್ನು ನೋಡಿಯೂ ನಕ್ಕಿದ್ದೆ.

ಸರ್ ಎರಡನೆಯ ರೀಲನ್ನು ಡಬ್ಬಿಯಿಂದ ತೆಗೆಯುವಷ್ಟರಲ್ಲಿ ಅಧಿಕಾರಿ ಕಣ್ಣೊರೆಸಿಕೊಳ್ಳುತ್ತ, "ಪುರೇ, ಪುರೇ, ವಡಾಳಕರ", ಸಾಕು ಸಾಕು ಎಂದು ಎದ್ದರು. ಹೊರಗೆ ಚಹಾ ಬಂದಿತ್ತು. ಜನವೂ ಎದ್ದಿತು. ಸರ್ ರೀಲನ್ನು ಮತ್ತೆ ಡಬ್ಬಿಯಲ್ಲಿಟ್ಟರು.

ಮರುದಿನದಿಂದ ಪೇಟೆಯಲ್ಲಿ ಅಕ್ಕೋರು ನಡೆದರೆ ಬೆನ್ನ ಹಿಂದೆ "ಗಾಯೀಚೀ ದಾರ" ಎಂಬ ಮಾತು ಬರುತ್ತಿತ್ತು. ಹಾಗೆ ಕೂಗುವವರಲ್ಲಿ ಕನ್ನಡ ಮನೆಗಳವರೇ ಹೆಚ್ಚು. ತಮ್ಮ ಬಾಯಲ್ಲೂ ಧಾರ ದಾರವೇ ಎಂಬುದು ಅವರಿಗೆ ತಿಳಿದಿರಲಿಲ್ಲ.

ಮುಂದಿನ ರವಿವಾರ ಅವರು ಸರ್ ಮುಂದೆ ನಿಂತರು. ಇಬ್ಬರೂ ಮಾತಾಡಿದ್ದು ಮರಾಠಿಯಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸರ್, ಆ ರೀಲನ್ನು ಅಳಿಸಿಬಿಡಿ."

"ಬಾಯಿ, ಅದರಲ್ಲಿ ನಿಮ್ಮ ಹೆಸರಿಲ್ಲ, ಮುಖವಿಲ್ಲ. ಬರೀ ತಪ್ಪು ಇದೆ."

"ದನಿ ನನ್ನದು."

"ಹೊಸಬರಿಗೆ ತಪ್ಪು ಹೇಗಿರುತ್ತದೆಂದು ತೋರಿಸಲು ನಾನು ಬೇರೆ ಏನು ಇಡಲಿ? ಇಷ್ಟು ಸ್ವಚ್ಛವಾಗಿ ಎಲ್ಲ ತಪ್ಪುಗಳೂ ಒಂದೇ ಕಡೆ ಸಿಗುವುದಿಲ್ಲ."

"ಹಾಗಾದರೆ ನನ್ನ ಈಗಿನ ಓದನ್ನೂ ಅದರ ಬೆನ್ನಿಗೇ ಕೇಳಿಸಿ."

ಸರ್ ನಿಜವಾಗಿಯೂ ಯೋಚಿಸಿದರು. ಆಮೇಲೆ ಹೇಳಿದರು: "ಅದು ಎಲ್ಲರ ಓದಿನ ಹಾಗೇ ಇದೆ, ಬಾಯಿ. ಅದನ್ನು ಕೇಳಿ ಯಾರಿಗೇನು ಲಾಭ?"

ಅವರು ಕೆಟ್ಟವರೆಂದು ನಾನು ಹೇಳಲಾರೆ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದರು. ಜನವರಿಯಲ್ಲಿ ಪರೀಕ್ಷಕರ ಕೂಟವೊಂದಕ್ಕೆ ಆ ರೀಲನ್ನು ಯಂತ್ರದೊಂದಿಗೆ ಒಯ್ದು, ಅಕ್ಕಲಕೋಟದ ಒಬ್ಬ ಬಾಯಿಯ ಓದೆಂದು ಹೇಳಿ ಕೇಳಿಸಿ ಬಂದುದಾಗಿ ಅವರೇ ಹೆಮ್ಮೆಯಿಂದ ನಮಗೆ ಹೇಳಿದರು.

ಮಾರ್ಚ್‌ನಲ್ಲಿ ಸೊಲ್ಲಾಪುರದಲ್ಲಿ ತೋಂಡೀ ಪರೀಕ್ಷೆ. ಅಕ್ಕೋರ ನಂತರದ ನಂಬರು ನನ್ನದು. ಬಾಗಿಲ ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ, ಬಾಗಿಲು ತೆರೆದಿತ್ತು. ಇಬ್ಬರು ಪರೀಕ್ಷಕರು. ಒಬ್ಬರು ಅವರ ಹೆಸರು, ಶಾಲೆ, ಊರು ಕೇಳಿದರು. ಅಕ್ಕಲಕೋಟ ಎಂದ ಕೂಡಲೇ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಬಾಯಿ, ಆಕಳ ಹಾಲು ಹೇಗೆ ಕರೆಯುತ್ತಾರೆ, ಹೇಳಿ ನೋಡೋಣ."

ಅಕ್ಕೋರ ದನಿ, ನಿಧಾನವಾಗಿ: "ಆಧೀ ವಾಸರಾಲಾ ಸೋಡತಾತ. ಮಗ ಧಾರ ಕಾಢತಾತ." ಮೊದಲು ಕರುವನ್ನು ಬಿಡುತ್ತಾರೆ, ಆಮೇಲೆ ಕರೆಯುತ್ತಾರೆ. ಆಧೀಯಲ್ಲಿ ಉಸಿರು, ಧಾರದಲ್ಲಿ ಉಸಿರು, ಕಾಢತಾತದಲ್ಲಿ ಉಸಿರು. ನಾನು ಕಿವಿಯಾರೆ ಕೇಳಿದೆ. ಒಂಬತ್ತು ತಿಂಗಳು ಅದೇ ಶಬ್ದಗಳ ಜೊತೆ ಗುದ್ದಾಡಿದವನು ನಾನು, ನನಗೆ ತಪ್ಪು ಕೇಳಿಸುವ ಮಾತೇ ಇಲ್ಲ.

"ದಾರ?" ಎಂದರು ಪರೀಕ್ಷಕರು, ನಗೆ ತಡೆಯಲಾರದೆ. "ಕುಠಲಂ ದಾರ, ಬಾಯಿ?" ಯಾವ ಬಾಗಿಲು?

"ಧಾರ," ಎಂದರು ಅಕ್ಕೋರು.

ಇನ್ನೊಬ್ಬರೂ ನಕ್ಕರು. ಮುಂದೆ ಎರಡು ಪ್ರಶ್ನೆ ಕೇಳಿ ಕಳಿಸಿಬಿಟ್ಟರು. ನಾನು ಒಳಗೆ ಹೋದಾಗ ಅವರ ಮುಖದಲ್ಲಿ ಇನ್ನೂ ಆ ನಗೆ ಇತ್ತು. ನನ್ನನ್ನು ಸಲೀಸಾಗಿ ಕೇಳಿದರು, ಶಾಬಾಸ ಎಂದರು.

ಅಕ್ಕಲಕೋಟದ ಬಸ್ಸು ಊರ ಹೊರಗಿನ ಹೊಲ ದಾಟುವಾಗ ಅಕ್ಕೋರು ಕೇಳಿದರು.

"ಹಣಮಂತ, ನೀ ಬಾಗಲದಾಗೇ ಕುಂತಿದ್ದಿ. ನಾ ಅಂದದ್ದು ಹೆಂಗ ಕೇಳಿಸ್ತು?"

ನನಗೆ ಉತ್ತರ ಗೊತ್ತಿತ್ತು. ಬರೋಬರ್ ಇತ್ತು ಎಂದರೆ ಮುಂದೇನು ಎಂಬುದೂ ಗೊತ್ತಿತ್ತು. ಅವರು ಅರ್ಜಿ ಕೊಡುತ್ತಾರೆ, ನನ್ನನ್ನು ಸಾಕ್ಷಿಗೆ ಕರೆಯುತ್ತಾರೆ, ಶಾಬಾಸ ಎಂದ ಆ ಇಬ್ಬರ ಎದುರಿಗೆ ನಾನು ನಿಲ್ಲಬೇಕಾಗುತ್ತದೆ. ಅವರು ಪಾಸಾಗದಿದ್ದರೆ ಜೂನ್‌ನಲ್ಲಿ ಕುರ್ಚಿ ಯಾರದು ಎಂಬುದೂ ಆ ಗಳಿಗೆಯಲ್ಲೇ ತಲೆಗೆ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಗದ್ದಲದಾಗ ಸರಿಯಾಗಿ ಕೇಳಲಿಲ್ರಿ," ಎಂದೆ.

"ದ ಕೇಳಿಸ್ತೋ, ಧ ಕೇಳಿಸ್ತೋ?"

"ದ ಅನಿಸಿತ್ರಿ. ಖರೇ ಗೊತ್ತಿಲ್ಲ."

ಅವರು ಅಂಗೈ ಬಾಯಿಯ ಮುಂದೆ ಹಿಡಿದು ಮೆಲ್ಲಗೆ ಒಮ್ಮೆ ಹೇಳಿಕೊಂಡರು. ಕೈ ಇಳಿಸಿದರು. ಮತ್ತೆ ಎತ್ತಲಿಲ್ಲ.

ಏಪ್ರಿಲ್ ಕೊನೆಗೆ ಫಲಿತಾಂಶ ಬಂತು. ನಾನು ಪಾಸು. ಅಕ್ಕೋರಿಗೆ ಮೂರು ಅಂಕ ಕಡಿಮೆ, ಷರಾ ಹಿಂದಿನದೇ. ಅಮೃತಪ್ಪನವರು ಸಿಟ್ಟಿನಿಂದ, "ತಕರಾರು ಅರ್ಜಿ ಕೊಡ್ರಿ ಅಕ್ಕೋರ, ನಾ ಸಹಿ ಮಾಡತೀನಿ" ಎಂದರು. ಅಕ್ಕೋರು ತಲೆ ಅಲ್ಲಾಡಿಸಿದರು. "ಏನಂತ ಕೊಡಲಿ ಸರ? ಹಣಮಂತಗೂ ತಪ್ಪೇ ಕೇಳಿಸ್ಯದ. ನಂಗ ಸರಿ ಕೇಳಸ್ತದಂದ್ರ ನನ್ನ ಕಿವೀನೇ ಕೆಟ್ಟಾದ." ನಾನು ಹಾಜರಿ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದೆ. ಎಳೆಯುತ್ತಲೇ ಇದ್ದೆ.

ಮೇ ತಿಂಗಳ ಒಂದು ರವಿವಾರ ಅವರು ಕೊನೆಯ ಸಲ ನವೀ ಪೇಠೆಗೆ ಹೋದರು. ನಾನೂ ಜೊತೆಗಿದ್ದೆ, ಯಾಕೆ ಹೋದೆನೋ ಹೇಳಲಾರೆ. ಸರ್ ಯಾರನ್ನೋ ಕಾಣಲು ಕೆಳಗಿಳಿದಿದ್ದರು. ಕೋಣೆಯಲ್ಲಿ ಹತ್ತು ಹನ್ನೆರಡು ಜನ. ಅಕ್ಕೋರು ಡಬ್ಬಿಯಿಂದ ನಮುನಾ ರೀಲು ತೆಗೆದು ಯಂತ್ರಕ್ಕೆ ಏರಿಸಿದರು, ಮೈಕನ್ನು ಮುಂದೆ ಎಳೆದುಕೊಂಡರು, ತುಂಬುವ ಗುಂಡಿ ಒತ್ತಿದರು. ಯಂತ್ರದ ಕೆಲಸ ಅವರಿಗೆ ಸರ್‌ಗಿಂತ ಚೆನ್ನಾಗಿ ಬರುತ್ತಿತ್ತು. ಹಸಿರು ಕಣ್ಣು ತೆರೆಯಿತು.

"ಏನು ಓದುತ್ತೀರಿ, ಬಾಯಿ?" ಎಂದು ಒಬ್ಬ ಕೇಳಿದ. ಅವರು ತುಟಿಯ ಮೇಲೆ ಬೆರಳಿಟ್ಟರು. ಮತ್ತೆ ಯಾರೂ ಮಾತಾಡಲಿಲ್ಲ. ಕೆಳಗೆ ಅಂಗಡಿಯಲ್ಲಿ ಹಿತ್ತಾಳೆ ಬಡಿಯುವ ಸದ್ದು, ಗೋಡೆಯ ಗಡಿಯಾರದ ಸದ್ದು. ಏಳು ನಿಮಿಷ ಪಟ್ಟಿ ಸುತ್ತಿತು, ಏಳು ನಿಮಿಷ ಅವರು ಕೈಕಟ್ಟಿ ಕುಳಿತರು. ಸರ್ ಮೆಟ್ಟಿಲು ಹತ್ತಿ ಬಂದವರು ಮೊದಲು ಯಾವುದೋ ಪಾಠವೆಂದು ಸುಮ್ಮನೆ ನಿಂತರು. ಆಮೇಲೆ ಮೇಜಿನ ಮೇಲಿನ ಡಬ್ಬಿ, ಅದರ ಮೇಲಿನ ಕಾಗದ ಅವರ ಕಣ್ಣಿಗೆ ಬಿತ್ತು.

"ಬಾಯಿ! ಏನು ಮಾಡಿದಿರಿ?"

ಅಕ್ಕೋರು ಯಂತ್ರ ನಿಲ್ಲಿಸಿ ಎದ್ದರು. "ದುರುಸ್ತ ಕೇಲಂ, ಸರ್." ತಿದ್ದಿದೆ ಎಂದು ಅರ್ಥ.

ಇದರಿಂದ ಅವರಿಗೆ ನೆಮ್ಮದಿ ಸಿಕ್ಕಿತೆಂದು ನಾನು ಬರೆಯಬಹುದಿತ್ತು. ಆದರೆ ಹದಿನೈದು ದಿನದ ಮೇಲೆ ನನ್ನ ಪ್ರಮಾಣಪತ್ರ ತರಲು ನಾನು ಮತ್ತೆ ಸೊಲ್ಲಾಪುರಕ್ಕೆ ಹೋದೆ, ಹಾದಿಯಲ್ಲಿ ಸರ್ ಅವರನ್ನು ಕಂಡು ಬರೋಣವೆಂದು ಆ ಮಾಳಿಗೆ ಹತ್ತತೊಡಗಿದೆ. ಅರ್ಧ ಮೆಟ್ಟಿಲಲ್ಲೇ ನಗೆ ಕೇಳಿಸಿತು. ಪೆಟ್ಟಿಗೆಯೊಳಗಿಂದ ಒಂದು ಎಳೆಯ ದನಿ ಓದುತ್ತಿತ್ತು: "ಗಾಯೀಚೀ ದಾರ ಕಾಡಲೀ." ದಕ್ಷಿಣ ಸೊಲ್ಲಾಪುರದ ಯಾವುದೋ ಹಳ್ಳಿಯ ಜನಾಬಾಯಿ, ಹೊಸದಾಗಿ ನೌಕರಿಗೆ ಸೇರಿದ ಹುಡುಗಿ. ಮುಂದಿನ ಬೆಂಚಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಾನೂ ನಗುತ್ತಿದ್ದಳು. ಡಬ್ಬಿಯ ಮೇಲಿನ ಕಾಗದ ಹಳೆಯದೇ. ಬದಲಿಸುವ ಅಗತ್ಯ ಬಿದ್ದಿರಲಿಲ್ಲ.

ಅದನ್ನು ನಾನು ಅಕ್ಕೋರಿಗೆ ಹೇಳಲಿಲ್ಲ.

ಜೂನ್‌ನಲ್ಲಿ ಅಮೃತಪ್ಪನವರು ನಿವೃತ್ತರಾದರು. ನಾಲ್ಕು ಜನ ಶಿಕ್ಷಕರಲ್ಲಿ ಮರಾಠಿ ಪಾಸಾದವನು ನಾನೊಬ್ಬನೇ. ಹೆಡ್ ಕುರ್ಚಿ ನನಗೆ ಬಂತು. ಮೊದಲನೆಯ ದಿನ ಅಕ್ಕೋರು ಹಾಜರಿಗೆ ಸಹಿ ಮಾಡಲು ನನ್ನ ಮೇಜಿನ ಮುಂದೆ ನಿಂತರು. ಅಂದಿನಿಂದ ಅವರು ನನ್ನನ್ನು "ಸರ" ಎಂದರು, ಬಹುವಚನದಲ್ಲಿ ಮಾತಾಡಿಸಿದರು. ನನಗೆ ಎಂದಿನಿಂದಲೂ ಬೇಕೆನಿಸಿದ್ದ ಆ ಬಹುವಚನ ಬೆನ್ನಿಗೆ ಚುಚ್ಚಿದ ಹಾಗಾಗುತ್ತಿತ್ತು. ಬ್ಯಾಡ್ರಿ ಅಕ್ಕೋರ ಎಂದರೂ ಅವರು ಬಿಡಲಿಲ್ಲ.

ಪೇಟೆಯಲ್ಲಿ ಅವರು ಮರಾಠಿ ಮಾತಾಡುವುದನ್ನೇ ಬಿಟ್ಟರು. ಅಂಗಡಿಯವನು ಮರಾಠಿಯಲ್ಲಿ ಕೇಳಿದರೆ ಬೆರಳು ತೋರಿಸಿ ಸಾಮಾನು ತರುತ್ತಿದ್ದರು. ವರ್ಗದಲ್ಲಿ ಮಕ್ಕಳನ್ನು ತಿದ್ದುವುದನ್ನೂ ಬಿಟ್ಟರು. ಬೂಮಿ ಎಂದು ಓದಿದರೂ, ಭೂಮಿ ಎಂದು ಓದಿದರೂ, "ಹೂಂ, ಮುಂದ" ಎಂದಷ್ಟೇ. ತಪಾಸಣೆಗೆ ಬಂದವರು ಅದನ್ನು ಬರೆದುಕೊಂಡು ಹೋದರು. ವಿಚಾರಿಸುವ ಕೆಲಸ ಹೆಡ್ ಆದ ನನ್ನ ಪಾಲಿಗೆ ಬಂತು.

"ಅಕ್ಕೋರ, ಹುಡುಗೂರು ತಪ್ಪು ಓದಿದ್ರ ತಿದ್ದಬೇಕಲ್ರಿ?"

"ನಂಗ ತಪ್ಪು ಯಾವ್ದು, ಸರಿ ಯಾವ್ದು ಕೇಳಸಂಗಿಲ್ರಿ ಸರ. ನೀವ ಕೇಳಿ ತಿದ್ರಿ."

ಜುಲೈಯಲ್ಲಿ ಕರಜಗಿಗೆ ವರ್ಗ ಕೇಳಿ ಅವರು ಅರ್ಜಿ ಕೊಟ್ಟರು. ಶಿಫಾರಸು ಬರೆದವನು ನಾನು. ಹೋಗುವ ದಿನ ಅವರ ಟ್ರಂಕು ಹೊತ್ತು ಎಸ್.ಟಿ. ಸ್ಟ್ಯಾಂಡಿಗೆ ಹೋದೆ. ಬಸ್ಸು ತಡವಾಗಿತ್ತು. ಇಬ್ಬರೂ ಟ್ರಂಕಿನ ಆಚೆ ಈಚೆ ನಿಂತಿದ್ದೆವು. ಇನ್ನು ಹೇಳದಿದ್ದರೆ ಎಂದೂ ಹೇಳಲಾರೆ ಎನಿಸಿತು.

"ಅಕ್ಕೋರ, ಅವತ್ತು ಪರೀಕ್ಷಾದಾಗ ನೀವು ಅಂದದ್ದು ಬರೋಬರ್ ಇತ್ರಿ. ಧ ಅಂತನೇ ಅಂದ್ರಿ. ನಾ ಚಂದಂಗೆ ಕೇಳೀನಿ."

ಅವರು ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಕರಜಗಿಯ ಶಾಲೆಯಲ್ಲಿ ನಾನು ಉತ್ತರ ತಪ್ಪಿದಾಗ ನೋಡುತ್ತಿದ್ದ ನೋಟವೂ ಅದಾಗಿರಲಿಲ್ಲ. ಗುರುತಿಲ್ಲದವರು ದಾರಿ ಕೇಳಿದಾಗ ನೋಡುವ ನೋಟ.

"ಅವತ್ತು ಬಸ್ಸಿನ್ಯಾಗ ನಾ ಎರಡು ಸಲ ಕೇಳಿದ್ನಿ," ಎಂದರು. "ಈಗ್ಯಾಕ ಹೇಳಾಕತ್ತೀರಿ, ಸರ?"

ಬಸ್ಸು ಬಂತು. ಕಂಡಕ್ಟರ್ ಟ್ರಂಕನ್ನು ಮೇಲೆ ಎಸೆದ. ಅವರು ಆಚೆ ಬದಿಯ ಕಿಟಕಿಗೆ ಕುಳಿತರು.

ಅವರ ಜಾಗಕ್ಕೆ ಬೇರೆ ಅಕ್ಕೋರು ಬರಲಿಲ್ಲ. ಆಗಸ್ಟ್‌ನಲ್ಲಿ ಮೂರನೆಯ ಇಯತ್ತೆಯ ಮಕ್ಕಳನ್ನು ಎರಡನೆಯದರ ಜೊತೆ ಕೂಡಿಸಿ, ಅಕ್ಕೋರ ಖೋಲಿಯಲ್ಲಿ ಮರಾಠಿ ವರ್ಗ ತೆರೆದರು. ಖೋಲಿ ಖಾಲಿ ಇದೆ ಎಂದು ಬರೆದುಕೊಟ್ಟ ಕಾಗದದ ಮೇಲಿನ ಸಹಿ ನನ್ನದು.